ಗಡಿಯಾಚೆಯ ಬಿಯರ್ ಮತ್ತು ಸುಂಕದ ಲೆಕ್ಕ

ಮಾನ್ಯ ಸಂಪಾದಕರೇ,

ಮದ್ಯದ ದರ ಕುರಿತು ನಿಮ್ಮ ಪತ್ರಿಕೆಯಲ್ಲಿ ನಡೆಯುತ್ತಿರುವ ಚರ್ಚೆಯಲ್ಲಿ, ಅಬಕಾರಿ ಸುಂಕ ಏರಿಸಿದಷ್ಟೂ ಬೊಕ್ಕಸ ತುಂಬುತ್ತದೆ, ಕುಡಿತವೂ ಇಳಿಯುತ್ತದೆ ಎಂಬ ವಾದ ಮತ್ತೆ ಮತ್ತೆ ಕಾಣಿಸುತ್ತಿದೆ. ಒಳನಾಡಿನ ಜಿಲ್ಲೆಗಳ ಮಟ್ಟಿಗೆ ಇದು ನಿಜವಿರಬಹುದು. ಕರ್ನಾಟಕ–ಕೇರಳ ಗಡಿಯಾದ ತಲಪಾಡಿಯ ಈಚೆಗೆ, ಕೇರಳದ ಬದಿಯಲ್ಲಿ ವಾಸಿಸುವ ನಮಗೆ ಇದನ್ನು ಹಾಗೆಯೇ ಒಪ್ಪುವುದು ಕಷ್ಟ. ಈ ವಿಷಯದಲ್ಲಿ ಉತ್ತರ ಯುರೋಪಿನ ಎಸ್ಟೋನಿಯಾದ ಬಿಯರ್ ಉದ್ಯಮದ ಅನುಭವವನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ಸುಮಾರು 13 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಬಿಯರ್ ತಯಾರಿಕೆ ಹಳೆಯ ಕಸುಬು. ಸಾರೆಮಾ ದ್ವೀಪದ ರೈತರು ಜುನಿಪರ್ ಗಿಡದ ರೆಂಬೆಗಳ ಮೂಲಕ ಸೋಸಿ ಮನೆಯಲ್ಲೇ ಮಾಡುವ ಬಿಯರ್ ಹೆಚ್ಚು ದಿನ ಇಡುವಂಥದ್ದಲ್ಲ, ನಮ್ಮ ಕಳ್ಳಿನಂತೆ ತಾಜಾ ಇರುವಾಗಲೇ ಕುಡಿಯಬೇಕು. ಆದರೆ ಮಾರುಕಟ್ಟೆಯನ್ನು ಆಳುವುದು ಎರಡು ದೊಡ್ಡ ಬ್ರೂವರಿಗಳು: ರಾಜಧಾನಿ ಟಾಲಿನ್ ಸಮೀಪ 1820ರಿಂದ ದಾಖಲೆಯಲ್ಲಿರುವ ಸಕು ಮತ್ತು ಟಾರ್ಟು ನಗರದ ಎ. ಲೆ ಕಾಕ್. ಮೊದಲನೆಯದು ಇಂದು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕೈಯಲ್ಲಿದೆ, ಎರಡನೆಯದು ಫಿನ್ಲೆಂಡಿನ ಓಲ್ವಿಯದು. 2011ರಲ್ಲಿ ಆರಂಭವಾದ ಪೊಹ್ಯಾಲದಂಥ ಸಣ್ಣ ಬ್ರೂವರಿಗಳು ಬಾಲ್ಟಿಕ್ ಪೋರ್ಟರ್ ಎಂಬ ಗಾಢವಾದ ಕಪ್ಪು ಬಿಯರ್‌ಗಳಿಂದ ಹೆಸರು ಮಾಡಿದ್ದು ಈಚೆಗೆ.

ಫಿನ್ಲೆಂಡಿನಲ್ಲಿ ಮದ್ಯದ ತೆರಿಗೆ ಹೆಚ್ಚು. ಹೆಲ್ಸಿಂಕಿಯಿಂದ ಸುಮಾರು 80 ಕಿಲೋಮೀಟರ್ ಸಮುದ್ರ ದಾಟಿದರೆ ಟಾಲಿನ್ ಬಂದರು. 2004ರ ಮೇ ತಿಂಗಳಲ್ಲಿ ಎಸ್ಟೋನಿಯಾ ಐರೋಪ್ಯ ಒಕ್ಕೂಟ ಸೇರುವುದಿತ್ತು. ಅದಾದ ಮೇಲೆ ತಮ್ಮವರು ಬಿಯರ್ ಪೆಟ್ಟಿಗೆಗಳನ್ನು ಹಡಗಿನಲ್ಲಿ ಹೊತ್ತು ತರುವುದು ಖಚಿತವೆಂದು ಅರಿತ ಫಿನ್ಲೆಂಡ್, ಅದೇ ಮಾರ್ಚಿನಲ್ಲೇ ತನ್ನ ಮದ್ಯ ತೆರಿಗೆಯನ್ನು ಸರಾಸರಿ ಮೂರನೇ ಒಂದು ಭಾಗದಷ್ಟು ಇಳಿಸಿತ್ತು. ಈ ಗಡಿ ವ್ಯಾಪಾರದಲ್ಲಿ ವರ್ಷಗಟ್ಟಲೆ ಲಾಭ ಕಂಡ ಎಸ್ಟೋನಿಯಾವೇ 2017ರ ಜುಲೈಯಲ್ಲಿ ಬಿಯರ್ ಸುಂಕವನ್ನು ಒಮ್ಮೆಗೆ ಶೇ. 70ರಷ್ಟು ಏರಿಸಿದ್ದು ಸೋಜಿಗ. ಎಸ್ಟೋನಿಯನ್ನರು ಕಾರು ಹತ್ತಿ ದಕ್ಷಿಣಕ್ಕೆ, ಲಾಟ್ವಿಯಾದ ಗಡಿ ಅಂಗಡಿಗಳಿಗೆ ಹೊರಟರು. ವಾಲ್ಗಾ ಮತ್ತು ವಾಲ್ಕಾ ಎಂದು ಎರಡು ದೇಶಗಳಿಗೆ ಹಂಚಿಹೋದ ಒಂದೇ ಊರಿನಲ್ಲಂತೂ ಬೀದಿ ದಾಟಿದರೆ ಸಾಕಿತ್ತು. ಅಲ್ಲಿ ಅವರು ಕೊಳ್ಳುತ್ತಿದ್ದುದು ಬಹುಪಾಲು ತಮ್ಮದೇ ದೇಶದ ಬಿಯರ್! ಟಾರ್ಟುವಿನಲ್ಲಿ ತಯಾರಾದ ಡಬ್ಬಿ ಲಾರಿಯಲ್ಲಿ ಲಾಟ್ವಿಯಾಕ್ಕೆ ಹೋಗಿ, ಅಲ್ಲಿನ ಸರಕಾರಕ್ಕೆ ಸುಂಕ ಕಟ್ಟಿ, ಕಾರಿನ ಡಿಕ್ಕಿಯಲ್ಲಿ ಮರಳಿ ಟಾರ್ಟುವಿಗೇ ಬರುತ್ತಿತ್ತು. ಕೊನೆಗೆ 2019ರ ಜುಲೈಯಲ್ಲಿ ಎಸ್ಟೋನಿಯಾ ಸುಂಕವನ್ನು ಶೇ. 25ರಷ್ಟು ತಗ್ಗಿಸಿತು, ತನ್ನ ಗಿರಾಕಿಗಳು ಕೈತಪ್ಪುವರೆಂದು ಲಾಟ್ವಿಯಾ ಮರುತಿಂಗಳೇ ಸ್ಪಿರಿಟ್ ಮದ್ಯಗಳ ಸುಂಕವನ್ನು ಶೇ. 15ರಷ್ಟು ಇಳಿಸಿತು.

ನಮ್ಮಲ್ಲಿ ಮದ್ಯವು ಜಿಎಸ್‌ಟಿಯ ಹೊರಗಿರುವುದರಿಂದ ಪ್ರತಿ ರಾಜ್ಯದ ದರವೂ ಬೇರೆ. ಆದರೆ ಐರೋಪ್ಯ ಒಕ್ಕೂಟದೊಳಗೆ ಸ್ವಂತ ಬಳಕೆಗೆ ಬಿಯರ್ ತರುವುದು ಪ್ರಜೆಯ ಹಕ್ಕು. ಇಲ್ಲಿ ಅದೇ ಕೆಲಸ ಅಬಕಾರಿ ಅಪರಾಧವಾಗಬಹುದು. ಮಂಜೇಶ್ವರದಲ್ಲಿ ಕರ್ನಾಟಕ ಮದ್ಯ ವಶ ಎಂಬ ಸುದ್ದಿಯಿಲ್ಲದ ವಾರ ನಿಮ್ಮ ಪತ್ರಿಕೆಯಲ್ಲೂ ಅಪರೂಪ. ತಪಾಸಣೆ ಬಿಗಿಗೊಳಿಸಿದರೆ ಸಾಗಾಟದ ದಾರಿ ಬದಲಾಗುತ್ತದೆಯೇ ಹೊರತು ದರದ ಅಂತರ ಹಾಗೆಯೇ ಉಳಿಯುತ್ತದೆ. ಸುಂಕ ಇಳಿಸಿ ಎಂದು ನಾನು ಹೇಳುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಊರಲ್ಲೂ ಇವೆ. ಆದರೆ ಗಡಿ ತಾಲೂಕುಗಳ ಮಾರಾಟದ ಅಂಕಿಗಳನ್ನು ಎರಡೂ ರಾಜ್ಯಗಳು ಒಟ್ಟಿಗೆ ಕೂತು ನೋಡದೆ ದರ ನಿಗದಿಪಡಿಸುವುದು ಸರಿಯಲ್ಲ. ಮುಂದಿನ ಬಾರಿ ದರ ಏರಿಕೆಯ ವರದಿ ಪ್ರಕಟಿಸುವಾಗ, ತಲಪಾಡಿಯ ಎರಡೂ ಬದಿಯ ಅಂಗಡಿಗಳ ದರಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮಂಜೇಶ್ವರ