ಹರಿಹರದ ಹಳೇ ಸೇತುವೆಯಲ್ಲಿ ಬೆಳೆದ ಗಿಡಗಳ ಬೇರು ಕೀಳಿಸಿ

ಮಾನ್ಯ ಸಂಪಾದಕರೇ,

ಹರಿಹರದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ನಿಂತಿರುವ ಹಳೇ ಸೇತುವೆಯ ದುಃಸ್ಥಿತಿಯತ್ತ ಸಂಬಂಧಪಟ್ಟವರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಕಲ್ಲು ಮತ್ತು ಇಟ್ಟಿಗೆಯಲ್ಲಿ ಕಟ್ಟಿ 1868ರಲ್ಲಿ ಮುಗಿಸಿದ ಈ ಸೇತುವೆಗೆ ತಲಾ 60 ಅಡಿಯ 14 ಕಮಾನುಗಳಿದ್ದು, ಆ ಕಾಲಕ್ಕೇ ಸುಮಾರು 3 ಲಕ್ಷ ರೂಪಾಯಿ ವೆಚ್ಚವಾಗಿತ್ತು. ಮೈಸೂರು ಸೀಮೆಯವರು ಮುಂಬಯಿ ಪ್ರಾಂತ್ಯದ ಕಡೆಗೆ ಹೊಳೆ ದಾಟುತ್ತಿದ್ದುದು ಇದರ ಮೇಲೆಯೇ.

ಕಳೆದ ಬೇಸಿಗೆಯಲ್ಲಿ ಹೊಳೆ ಬತ್ತಿದ್ದಾಗ ಮರಳಿನ ಮೇಲೆ ನಡೆದು ಕಮಾನಿನ ಕೆಳಗೆ ನಿಂತು ನೋಡಿದೆ. ಇಟ್ಟಿಗೆಯ ಸಂದಿನಲ್ಲಿ ಹುಟ್ಟಿದ ಅರಳಿ ಗಿಡವೊಂದು ಮುಂಗೈ ದಪ್ಪಕ್ಕೆ ಬೆಳೆದು, ಪಕ್ಕದ ಇಟ್ಟಿಗೆಗಳನ್ನು ಬೆರಳು ತೂರುವಷ್ಟು ಹೊರಕ್ಕೆ ತಳ್ಳಿತ್ತು. ಆ ಬಿರುಕಿಗೆ ಬೆರಳು ಹಾಕಿದರೆ ಗಾರೆ ಹಿಟ್ಟಿನಂತೆ ಅಂಗೈಗೆ ಉದುರಿತು. ಇಂಥ ಗಿಡಗಳನ್ನು ಮೇಲಿನಿಂದ ಕತ್ತರಿಸಿ ಹೋಗುವುದರಿಂದ ಪ್ರಯೋಜನವಿಲ್ಲ. ಬುಡ ಉಳಿದರೆ ಮರು ಮಳೆಗೆ ಮತ್ತೆ ಚಿಗುರಿ ಬೇರು ಇನ್ನಷ್ಟು ಒಳಗಿಳಿಯುತ್ತದೆ. ಸಂದುಗಳಿಗೆ ಸಿಮೆಂಟ್ ಮೆತ್ತುವುದೂ ತಪ್ಪು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟು ಹಳೆಯ ಇಟ್ಟಿಗೆಯನ್ನು ಪುಡಿಮಾಡುತ್ತದೆ.

ಗುಜರಾತಿನ ಭರೂಚ್‌ನಲ್ಲಿ ನರ್ಮದೆಯ ಮೇಲೆ 1881ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆ, 2021ರಲ್ಲಿ ಹೊಸ ಸೇತುವೆ ಬರುವವರೆಗೂ ವಾಹನಗಳನ್ನು ದಾಟಿಸಿತು. ಕಬ್ಬಿಣದ ತೊಲೆಗಳನ್ನು ತ್ರಿಕೋನಗಳಾಗಿ ಹೆಣೆದ ಅಂಥ ಸೇತುವೆಯಲ್ಲಿ ಕೀಲುಗಳ ತುಕ್ಕು ಬಹುಮಟ್ಟಿಗೆ ಹೊರಗೇ ಕಾಣುತ್ತದೆ. ಕಮಾನು ಸೇತುವೆಯ ಕಾಯಿಲೆ ಮಾತ್ರ ಒಳಗೆ ಮತ್ತು ನೀರಿನಡಿಯಲ್ಲಿರುತ್ತದೆ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಕುಸಿದು, ಎರಡು ಸಾರಿಗೆ ಬಸ್ಸುಗಳು ನೀರುಪಾಲಾದದ್ದನ್ನು ಮರೆಯಲಾಗದು. ಕಂಬದ ಬುಡದ ಮಣ್ಣನ್ನು ನೀರಿನ ಸೆಳೆತ ಕೊರೆದು ಒಯ್ದರೆ ಮೇಲೆ ಓಡಾಡುವವರಿಗೆ ಗೊತ್ತೇ ಆಗುವುದಿಲ್ಲ. ಸೇತುವೆಯ ಹತ್ತಿರ ಮರಳು ತೆಗೆದರಂತೂ ಆ ಕೊರೆತ ಇನ್ನೂ ಹೆಚ್ಚುತ್ತದೆ.

ಈ ಕುರಿತು ಸಂಬಂಧಿಸಿದ ಕಚೇರಿಯೊಂದಕ್ಕೆ ಎರಡು ಬಾರಿ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಬಿತ್ತೇ ಹೊರತು ಉತ್ತರ ಬರಲಿಲ್ಲ. ಹೊಸ ಸೇತುವೆ ಇದೆಯಲ್ಲ, ಹಳೆಯದೇಕೆ ಎನ್ನುವವರೂ ಇದ್ದಾರೆ. ನೂರೈವತ್ತು ವರ್ಷಕ್ಕೂ ಮೀರಿ ಹೊಳೆಯ ನೆರೆಯನ್ನು ತಡೆದು ನಿಂತ ಕಟ್ಟಡವನ್ನು ಒಂದು ಅರಳಿ ಬೇರಿಗೆ ಬಿಟ್ಟುಕೊಡುವುದನ್ನು ನಾನಂತೂ ಒಪ್ಪಲಾರೆ. ಹಳೆಯ ಕಮಾನುಗಳನ್ನು ಬಲ್ಲ ಎಂಜಿನಿಯರುಗಳಿಂದ ಕಂಬಗಳ ಬುಡವನ್ನು ಪರೀಕ್ಷಿಸಿ, ಅವರ ವರದಿಯನ್ನು ಸಾರ್ವಜನಿಕರ ಮುಂದಿಡಬೇಕು. ಗಿಡಗಳನ್ನು ಬೇರು ಸಹಿತ ತೆಗೆಸಿ, ಸಂದುಗಳನ್ನು ಸುಣ್ಣದ ಗಾರೆಯಿಂದಲೇ ತುಂಬಿಸಬೇಕು. ವರದಿ ಬರುವವರೆಗೆ ಭಾರೀ ವಾಹನಗಳನ್ನು ಈ ಸೇತುವೆಯ ಮೇಲೆ ಬಿಡಬಾರದು. ಇದೆಲ್ಲ ಏಪ್ರಿಲ್–ಮೇ ತಿಂಗಳಲ್ಲೇ ಆಗಬೇಕು, ಏಕೆಂದರೆ ಮಲೆನಾಡಿನಲ್ಲಿ ಮಳೆ ಹಿಡಿದು ಹೊಸ ನೀರು ಬಂದ ಮೇಲೆ ಕಂಬಗಳ ಬುಡ ಮತ್ತೆ ಕಣ್ಣಿಗೆ ಬೀಳುವುದು ಮುಂದಿನ ಬೇಸಿಗೆಗೇ.

– ನಿವೃತ್ತ ಶಿಕ್ಷಕ, ಹರಿಹರ, ದಾವಣಗೆರೆ ಜಿಲ್ಲೆ