ನ್ಯಾಯಾಲಯ ನೇಮಿಸಿದ ನಮ್ಮ ಪಾಲಕರಿಗೆ ಕೃತಜ್ಞತೆಗಳು

ಕಳೆದ ತಿಂಗಳು ನನ್ನ ತಮ್ಮನಿಗೆ 18 ವರ್ಷ ತುಂಬಿತು. ನ್ಯಾಯಾಲಯದ ಆದೇಶದಂತೆ ಅವನ ಹೆಸರಿನಲ್ಲಿ ಠೇವಣಿಯಾಗಿದ್ದ ಹಣ ಅವನ ಕೈಸೇರಿದೆ, ಜಮೀನನ್ನು ಅಳೆದು ಪಾಲು ಬೇರ್ಪಡಿಸುವ ಪೋಡಿಯಾಗಿ ಪಹಣಿಯಲ್ಲಿ ನಮ್ಮಿಬ್ಬರ ಹೆಸರೂ ಬಂದಿದೆ. ಇಷ್ಟು ದೂರ ನಮ್ಮನ್ನು ದಾಟಿಸಿದವರನ್ನು ಎಲ್ಲರೆದುರು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ತಂದೆ ತಾಯಿ ಇಬ್ಬರೂ ತೀರಿಕೊಂಡು ನಾವು ಅಜ್ಜಿಯ ಮನೆಯಲ್ಲಿದ್ದಾಗ, ಪಿತ್ರಾರ್ಜಿತ ಜಮೀನಿನ ವಿಭಾಗಕ್ಕಾಗಿ ಚಿಕ್ಕಪ್ಪನವರು ಹೂಡಿದ ದಾವೆಯ ಸಮನ್ಸ್ ನಮ್ಮ ಹೆಸರಿಗೆ ಬಂತು. ಪ್ರತಿವಾದಿ ಮೈನರ್ ಆಗಿದ್ದರೆ ಅವರ ಪರವಾಗಿ ದಾವೆ ನಡೆಸಲು ತಕ್ಕ ವ್ಯಕ್ತಿಯೊಬ್ಬರನ್ನು ನ್ಯಾಯಾಲಯವೇ ಪಾಲಕರನ್ನಾಗಿ ನೇಮಿಸಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ ಹೇಳುತ್ತದೆ. ಅಂಥವರ ಹಿತ ಮಗುವಿನ ಹಿತಕ್ಕೆ ವಿರುದ್ಧವಾಗಿರಬಾರದು, ಮತ್ತು ಅವರ ಲಿಖಿತ ಒಪ್ಪಿಗೆಯಿಲ್ಲದೆ ಅವರನ್ನು ನೇಮಿಸುವಂತಿಲ್ಲ. ತಂದೆಯ ಕಡೆಯ ಬಂಧುಗಳೆಲ್ಲರೂ ಅದೇ ಆಸ್ತಿಯ ಪಾಲುದಾರರಾಗಿದ್ದರು. ಅಜ್ಜಿಯನ್ನು ಕೇಳಿದಾಗ ಅವರು, "ನನಗೆ ಓದು ಬರಲ್ಲ ಸ್ವಾಮಿ, ಓದು ಬಂದೋರನ್ನು ಈ ಮಕ್ಕಳಿಗೆ ಮಾಡಿಕೊಡಿ" ಎಂದು ಕೈಮುಗಿದರು. ಆ ಪ್ರಾಮಾಣಿಕ ಮಾತಿಗಾಗಿ ಮೊದಲ ಕೃತಜ್ಞತೆ ಅಜ್ಜಿಗೇ ಸಲ್ಲಬೇಕು. ಹೀಗೆ ಅದೇ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದ ಒಬ್ಬ ಮಹಿಳೆ ನಮ್ಮ ಕೋರ್ಟ್ ಗಾರ್ಡಿಯನ್ ಆದರು. ಅವರ ಹೆಸರನ್ನು ಇಲ್ಲಿ ಬರೆಯುವುದು ಬೇಡವೆಂದು ಅವರೇ ಹೇಳಿರುವುದರಿಂದ ಮೇಡಂ ಎಂದಷ್ಟೇ ಕರೆಯುತ್ತೇನೆ.

ಈ ಕೆಲಸಕ್ಕೆ ಸಿಗುವ ಸಂಭಾವನೆ ಅಲ್ಪ. ವಾದಪತ್ರದಲ್ಲಿರುವುದನ್ನೆಲ್ಲ ಅಲ್ಲಗಳೆದು ಒಂದು ಲಿಖಿತ ಹೇಳಿಕೆ ಸಲ್ಲಿಸಿ, ಕರೆದಾಗ ಹಾಜರಾದರೆ ಯಾರೂ ತಪ್ಪು ಹುಡುಕುವುದಿಲ್ಲ. ಮೇಡಂ ಹಾಗೆ ಮಾಡಲಿಲ್ಲವೆಂಬುದು ನಮ್ಮ ಬದುಕಿನ ದೊಡ್ಡ ಭಾಗ್ಯ.

ಹಿರಿಯರು ಸೇರಿ ರಾಜಿ ಪತ್ರವೊಂದನ್ನು ಸಿದ್ಧಪಡಿಸಿದ್ದರು. ತೆಂಗಿನ ತೋಟ ಚಿಕ್ಕಪ್ಪನವರಿಗೆ, ಮೇಲಿನ ರಾಗಿ ಹೊಲ ನಮಗೆ ಎಂದಿತ್ತು. ವಿಸ್ತೀರ್ಣ ನೋಡಿದರೆ ಗುಂಟೆಗೆ ಗುಂಟೆ ಸರಿಯಿತ್ತು. ಮೇಡಂ ಅದಕ್ಕೆ ಸಹಿ ಹಾಕದೆ, ಪಹಣಿಗಳನ್ನು ಹಿಡಿದುಕೊಂಡು ಒಂದು ಭಾನುವಾರ ಊರಿಗೇ ಬಂದರು. ನಮ್ಮಿಬ್ಬರನ್ನೂ ಕರೆದುಕೊಂಡು ಮೊದಲು ಹೊಲದ ಬದುವಿನ ಮೇಲೆ, ಆಮೇಲೆ ತೋಟದಲ್ಲಿ ನಡೆದರು. ಪಂಪ್‌ಸೆಟ್ಟಿನ ಮನೆಯೊಳಗೆ ಹೋಗಿ, ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಆರ್.ಆರ್. ನಂಬರನ್ನು, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಯನ್ನು, ಗುರುತು ಹಾಕಿಕೊಂಡು, ಈ ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ವಿದ್ಯುತ್ ಕಚೇರಿಯ ದಾಖಲೆ ತೆಗೆಸಿ ನೋಡಿದಾಗ ಅದು ಅಪ್ಪನ ಹೆಸರಿನಲ್ಲಿತ್ತು. ಅಪ್ಪ ತೆಗೆಸಿದ ಕೊಳವೆಬಾವಿಯ ಒಂದು ತೊಟ್ಟು ನೀರಿನ ಹಕ್ಕೂ ಆ ರಾಜಿ ಪತ್ರದಲ್ಲಿ ನಮಗಿರಲಿಲ್ಲ.

ಇನ್ನೊಂದು ವಿಷಯವನ್ನು ಅವರಲ್ಲದೆ ಬೇರೆ ಯಾರೂ ಗಮನಿಸಿರಲಿಲ್ಲ. ಅಪ್ಪನ ಪಾಲನ್ನು ಪೂರ್ತಿಯಾಗಿ ತಮ್ಮನ ಹೆಸರಿಗೆ ಬರೆದು, ನನ್ನ ಮದುವೆಯ ಖರ್ಚನ್ನು ಅವನು ನೋಡಿಕೊಳ್ಳತಕ್ಕದ್ದು ಎಂದು ಒಂದು ಸಾಲು ಸೇರಿಸಿದ್ದರು. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ, ನಮ್ಮ ಕಡೆ ಅದೇ ವಾಡಿಕೆ. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಿರುವಷ್ಟೇ ಹಕ್ಕನ್ನು ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿಯೇ ಕೊಟ್ಟಿತ್ತು, 2005ರ ತಿದ್ದುಪಡಿಯ ನಂತರ ಅದು ಇಡೀ ದೇಶದ ಹಿಂದೂ ಉತ್ತರಾಧಿಕಾರ ಕಾಯ್ದೆಯ ಭಾಗವೇ ಆಗಿದೆ. ಆ ಸಾಲನ್ನು ಹೊಡೆದುಹಾಕಿ ನನ್ನ ಹೆಸರನ್ನು ತಮ್ಮನ ಹೆಸರಿನ ಪಕ್ಕದಲ್ಲಿ ಸಮಪಾಲಿಗೆ ಸೇರಿಸುವವರೆಗೂ ತಾವು ಸಹಿ ಮಾಡುವುದಿಲ್ಲವೆಂದು ಅವರು ಹಿರಿಯರೆಲ್ಲರ ಎದುರು, ದನಿ ಏರಿಸದೆ ಹೇಳಿದರು.

ಪಾಲಕರ ಸಹಿಯಾದರೂ ಮೈನರ್ ಪರವಾದ ರಾಜಿ ಅಲ್ಲಿಗೇ ಮುಗಿಯುವುದಿಲ್ಲ. ಅದೇ 32ನೇ ಆದೇಶದ 7ನೇ ನಿಯಮದ ಪ್ರಕಾರ ನ್ಯಾಯಾಲಯದ ಅನುಮತಿ ಬೇಕು, ಮತ್ತು ಆ ಅನುಮತಿ ಕಲಾಪದಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು. ತಿದ್ದಿದ ರಾಜಿ ಪತ್ರ ಮುಂದೆ ಬಂದಾಗ ನ್ಯಾಯಾಧೀಶರು ಪ್ರತಿಯೊಂದು ಷರತ್ತನ್ನೂ ಓದಿಸಿ, ಇದರಿಂದ ಮಕ್ಕಳಿಗೆ ಆಗುವ ಅನುಕೂಲವೇನು ಎಂದು ಮೇಡಂ ಅವರಿಂದ ಉತ್ತರ ಪಡೆದೇ ಒಪ್ಪಿದರು. ಹಿಂದಿನ ವರ್ಷಗಳ ಫಸಲಿನಲ್ಲಿ ನಮಗೆ ಬರಬೇಕಾಗಿದ್ದ ಹಣವನ್ನು ಯಾರ ಕೈಗೂ ಕೊಡದೆ, ನಾವು ವಯಸ್ಸಿಗೆ ಬರುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಇಡಿಸಿದರು. ನನ್ನ ಬಿ.ಎಸ್ಸಿ. ಮುಗಿದದ್ದು ಆ ಹಣದಿಂದ. ಈಗ ತಮ್ಮ ಡಿಪ್ಲೊಮಾ ಸೇರುತ್ತಿರುವುದೂ ಅದರಿಂದಲೇ.

ದಿನಾಂಕ ಯಾವುದೆಂದು ತಿಳಿಯದೆ ಅಜ್ಜಿ ಪರದಾಡಿದಾಗಲೆಲ್ಲ ಚೀಟಿಯಲ್ಲಿ ಬರೆದುಕೊಟ್ಟ ಬೆಂಚ್ ಕ್ಲರ್ಕ್ ಅವರಿಗೆ, ಬಿಸಿಲಿನಲ್ಲಿ ನಿಂತು ಹದ್ದುಬಸ್ತು ಗುರುತಿಸಿಕೊಟ್ಟ ಸರ್ವೆಯರ್ ಅವರಿಗೆ ವಂದನೆಗಳು. ಮೇಡಂ, ನಾನು ವಯಸ್ಸಿಗೆ ಬಂದಾಗ ನಿಮ್ಮ ಫೈಲಿನಲ್ಲಿದ್ದ ಕಾಗದಗಳನ್ನೆಲ್ಲ ಕ್ರಮವಾಗಿ ಜೋಡಿಸಿ, ಪ್ರತಿಯೊಂದೂ ಏನೆಂದು ವಿವರಿಸಿ ನನ್ನ ಕೈಗೆ ಒಪ್ಪಿಸಿದಿರಿ. ಅಂದಿನಿಂದ ಕಂದಾಯ ಕಟ್ಟುವುದನ್ನೂ ಪಹಣಿ ತೆಗೆಸುವುದನ್ನೂ ನಾನೇ ಮಾಡುತ್ತಿದ್ದೇನೆ. ಅದನ್ನು ನನಗೆ ಕಲಿಸಿದವರು ನೀವು.

ಚಿಕ್ಕಪ್ಪನವರಿಗೂ ನಾವು ಋಣಿಗಳು. ಪತ್ರವನ್ನು ತಿದ್ದಲು ಅವರು ಒಪ್ಪದಿದ್ದರೆ ದಾವೆ ಇನ್ನೂ ಎಷ್ಟೋ ವರ್ಷ ಎಳೆಯುತ್ತಿತ್ತು. ಈಗ ತೋಟ ಎರಡು ಭಾಗವಾಗಿದೆ, ಕೊಳವೆಬಾವಿ ಒಂದೇ ಇದೆ. ವಾರದಲ್ಲಿ ಮೂರು ದಿನ ನೀರು ನಮ್ಮ ಸರದಿ, ಮೂರು ದಿನ ಅವರದು. ಉಳಿದ ಒಂದು ದಿನ ಯಾರ ಗಿಡಗಳು ಹೆಚ್ಚು ಬಾಡಿವೆಯೋ ಅವರಿಗೆ ಎಂದು ಚಿಕ್ಕಪ್ಪನವರೇ ಹೇಳಿದ್ದಾರೆ.