ವೆಬ್‌ಸೈಟಿನ ಮೂಲೆಯ ವೀಲ್‌ಚೇರ್ ಬಟನ್ ತೆಗೆಯುತ್ತಿದ್ದೇವೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನಾವು ಮಾಡಿಕೊಟ್ಟ ನಿಮ್ಮ ವೆಬ್‌ಸೈಟಿನ ಬಲಮೂಲೆಯಲ್ಲಿ ಅಂಗವಿಕಲರ ಅನುಕೂಲಕ್ಕೆಂದು ಹಾಕಿದ ನೀಲಿ ಬಣ್ಣದ ವೀಲ್‌ಚೇರ್ ಬಟನ್ ಒಂದಿದೆಯಲ್ಲ, ಮುಂದಿನ ತಿಂಗಳ ಅಪ್‌ಡೇಟ್‌ನಲ್ಲಿ ಅದು ಹೋಗುತ್ತದೆ. ಅದಕ್ಕೆಂದು ವರ್ಷಕ್ಕೊಮ್ಮೆ ಕಟ್ಟುತ್ತಿದ್ದ ಶುಲ್ಕವೂ ಹೋಗುತ್ತದೆ. ಬದಲಿಗೆ ಸೈಟಿನ ಒಳಗೇ ಕೆಲವು ಮಾರ್ಪಾಡು ಮಾಡುತ್ತಿದ್ದೇವೆ. ಅದರಲ್ಲಿ ಒಂದಿಷ್ಟು ಕೆಲಸ ನಿಮ್ಮ ಪಾಲಿಗೂ ಬರುತ್ತದೆ.

ವಿಷಯ ಕಿವಿಗೆ ಬಿದ್ದ ಕೆಲವರು ಆಗಲೇ ಫೋನ್ ಮಾಡಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಆ ಬಟನ್ ಇದ್ದರೆ ತಾನೇ ಕಾನೂನಿಗೆ ಸರಿ? ತೆಗೆದರೆ ನಮಗೆ ನೋಟಿಸ್ ಬರಲ್ವಾ?"

ಬಟನ್‌ಗೂ ನೋಟಿಸಿಗೂ ಸಂಬಂಧವಿಲ್ಲ. ಕಾನೂನು ನೋಡುವುದು ಕೆಲಸ ಆಗುತ್ತದೋ ಇಲ್ಲವೋ ಎಂಬುದನ್ನು. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗಿ ಮೌಸ್ ಹಿಡಿಯಲಾಗದವರು ನಿಮ್ಮ ಸೈಟಿಗೆ ಬಂದರೆ ಬೇಕಾದ್ದನ್ನು ಹುಡುಕಿ, ಆರ್ಡರ್ ಕೊಟ್ಟು, ದುಡ್ಡು ಕಟ್ಟಿ ಮುಗಿಸಲು ಆಗಬೇಕು. ಅಷ್ಟೇ.

ಬಟನ್ ಮಾಡುತ್ತಿದ್ದುದು ಏನು? ಅಕ್ಷರ ದೊಡ್ಡದು ಮಾಡುವುದು, ಬಣ್ಣ ಬದಲಿಸುವುದು, ಪುಟವನ್ನು ಓದಿ ಹೇಳುವುದು. ಇವೆಲ್ಲ ಅವರವರ ಫೋನು, ಕಂಪ್ಯೂಟರಿನಲ್ಲೇ ಇರುತ್ತವೆ. ಬೇಕಾದವರು ತಮಗೆ ತಕ್ಕ ಹಾಗೆ ಮೊದಲೇ ಹೊಂದಿಸಿಕೊಂಡಿರುತ್ತಾರೆ. ಅಂಧರು ಎನ್‌ವಿಡಿಎ, ಟಾಕ್‌ಬ್ಯಾಕ್, ವಾಯ್ಸ್‌ಓವರ್‌ನಂಥ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುತ್ತಾರೆ. ಅದು ಮಾತಾಡುತ್ತಿರುವಾಗ ನಮ್ಮ ಬಟನ್ ಕೂಡ ಬಾಯಿ ಹಾಕಿದರೆ ಎರಡೂ ಕೇಳಿಸುವುದಿಲ್ಲ. ಎಷ್ಟೋ ಜನ ಇಂಥ ಬಟನ್‌ಗಳು ತೆರೆದುಕೊಳ್ಳದ ಹಾಗೆ ಬ್ರೌಸರ್‌ನಲ್ಲೇ ತಡೆದಿರುತ್ತಾರೆ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ನಿಮ್ಮ ಸೈಟ್ ತೆರೆದು, ಪರದೆ ನೋಡದೆ ಒಂದು ಆರ್ಡರ್ ಹಾಕಲು ಪ್ರಯತ್ನಿಸಿ. (ಆಫ್ ಮಾಡುವುದು ಹೇಗೆ ಅಂತ ಮೊದಲೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಒದ್ದಾಡುತ್ತೀರಿ.) ಉತ್ಪನ್ನದ ಫೋಟೊ ಬಂದಲ್ಲಿ "ಐಎಂಜಿ ಅಂಡರ್‌ಸ್ಕೋರ್ ನಾಲ್ಕು ನಾಲ್ಕು ಏಳು ಒಂದು" ಎಂದು ಕೇಳಿಸಬಹುದು. ಬುಟ್ಟಿ, ಹುಡುಕು, ಹಿಂದಕ್ಕೆ ಎಂಬ ಮೂರು ಚಿಹ್ನೆಗಳಿರುವಲ್ಲಿ "ಬಟನ್, ಬಟನ್, ಬಟನ್" ಅಷ್ಟೇ. ಪಿನ್‌ಕೋಡ್ ತಪ್ಪಾದಾಗ ಚೌಕದ ಅಂಚು ಕೆಂಪಾಗುತ್ತದೆ, ಆದರೆ ಏನು ತಪ್ಪಾಯಿತು ಅಂತ ಯಾರೂ ಹೇಳುವುದಿಲ್ಲ. ಕೊನೆಗೆ ವಕ್ರವಕ್ರ ಅಕ್ಷರದ ಕ್ಯಾಪ್ಚಾ. ಕಣ್ಣಿಲ್ಲದವರು ಅಲ್ಲಿಗೆ ಕೈಬಿಡಬೇಕು. ಮೂಲೆಯ ಬಟನ್ ಇದ್ಯಾವುದನ್ನೂ ಸರಿಮಾಡುವುದಿಲ್ಲ. ಫೋಟೊದಲ್ಲಿ ಏನಿದೆ ಎಂದು ಅದು ಹೆಚ್ಚೆಂದರೆ ಊಹಿಸಬಹುದು.

2025ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇಂಥ ಸಾಧನ ಮಾರುವ ಕಂಪನಿಯೊಂದು 10 ಲಕ್ಷ ಡಾಲರ್ ಕಟ್ಟಬೇಕೆಂದು ಆದೇಶಿಸಿತು. ತನ್ನ ಸಾಧನ ಹಾಕಿದರೆ ಯಾವ ಸೈಟ್ ಬೇಕಾದರೂ ನಿಯಮಕ್ಕೆ ಸರಿಹೋಗುತ್ತದೆ ಎಂದು ಆ ಕಂಪನಿ ಹೇಳಿಕೊಂಡಿತ್ತು. ಅಂಥ ಮಾತು ನಂಬಿ ನೀವು ನಿಶ್ಚಿಂತೆಯಿಂದ ಕೂರುವುದು ನಮಗೆ ಬೇಡ.

ಇನ್ನು ಕಾನೂನಿನ ಮಾತು. ನಿಮ್ಮಲ್ಲಿ ಕೆಲವರು ಬೇರೆ ದೇಶಗಳಿಗೂ ಮಾರುತ್ತೀರಿ, ಹಾಗಾಗಿ ನಾಲ್ಕು ಕಡೆಯದನ್ನೂ ನೋಡಿದೆವು. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಅದರ 46ನೇ ಸೆಕ್ಷನ್ ಸೇವೆ ಕೊಡುವವರು ಸರ್ಕಾರಿಯೋ ಖಾಸಗಿಯೋ ಎಂದು ಭೇದ ಮಾಡುವುದಿಲ್ಲ. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದವರೆಗೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆಯಡಿಯ ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾದವು ಬೇಕು ಎಂದಿತು. ಮರುವರ್ಷ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು. ಆನ್‌ಲೈನ್ ಕೆವೈಸಿಯಲ್ಲಿ (ಗ್ರಾಹಕರ ಗುರುತು ಪರಿಶೀಲನೆ) ಕಣ್ಣು ಮಿಟುಕಿಸಿ ತೋರಿಸಿ ಎಂದರೆ ಆಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಏನು ಮಾಡಬೇಕು? ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ನಮ್ಮ ಕಣ್ಣು ತೆರೆಸಿದ್ದು ಈ ತೀರ್ಪು.

ಯುರೋಪಿನ ಒಕ್ಕೂಟದ ಕಾನೂನು 2025ರ ಜೂನ್ 28ರಿಂದ ಜಾರಿಯಲ್ಲಿದೆ. ಅಲ್ಲಿನ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ಮಾರುವವರು ಹೊರದೇಶದವರಾದರೂ ಅದು ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ, ವರ್ಷದ ವಹಿವಾಟು 20 ಲಕ್ಷ ಯೂರೋ ಮೀರದ ಸಂಸ್ಥೆಗಳು ಸೇವೆ ಕೊಡುತ್ತಿದ್ದರೆ ವಿನಾಯಿತಿ ಇದೆ. ನಿಮ್ಮಲ್ಲಿ ಹಲವರು ಆ ಲೆಕ್ಕಕ್ಕೆ ಬರುತ್ತೀರಿ. ಆದರೂ ಅದನ್ನೇ ನೆಚ್ಚಿಕೊಂಡು ಸೈಟ್ ಕಟ್ಟುವುದು ಜಾಣತನವಲ್ಲ. ಹತ್ತನೆಯವರು ಕೆಲಸಕ್ಕೆ ಸೇರಿದ ದಿನ ಎಲ್ಲ ಕೆಡವಿ ಕಟ್ಟಲು ಆಗುತ್ತದೆಯೇ?

ಅಮೆರಿಕದ ಕಾಯ್ದೆ 1990ರದು, ಆಸ್ಟ್ರೇಲಿಯಾದ್ದು 1992ರದು. ಆಗ ವೆಬ್‌ಸೈಟ್ ಬಳಕೆ ಜನರಲ್ಲಿ ಇನ್ನೂ ಹರಡಿರಲಿಲ್ಲ. ಆದರೂ 2000ದಲ್ಲಿ ಅಂಧರೊಬ್ಬರ ದೂರಿನ ಮೇಲೆ ಸಿಡ್ನಿ ಒಲಿಂಪಿಕ್ಸ್ ಸಂಘಟನಾ ಸಮಿತಿ ತನ್ನ ವೆಬ್‌ಸೈಟಿಗಾಗಿ 20 ಸಾವಿರ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು. ಫೋಟೊಗಳಿಗೆ ವಿವರಣೆ ಇಲ್ಲ ಎಂಬುದು ಅವರ ದೂರುಗಳಲ್ಲಿ ಒಂದು.

ದೇಶ ಬೇರೆ, ದಂಡ ಬೇರೆ. ಆದರೆ ಸೈಟ್ ಹೇಗಿರಬೇಕು ಎಂಬ ಪ್ರಶ್ನೆ ಬಂದಾಗ ಹೆಚ್ಚಿನ ಕಡೆ ಕೈ ತೋರಿಸುವುದು ಡಬ್ಲ್ಯೂಸಿಎಜಿ ಎಂಬ, ವೆಬ್‌ಸೈಟನ್ನು ಅಂಗವಿಕಲರೂ ಬಳಸುವಂತೆ ಮಾಡುವುದು ಹೇಗೆಂದು ತಿಳಿಸುವ ಒಂದೇ ಮಾನದಂಡದ ಕಡೆಗೆ. ಅದರ 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ದೇಶಕ್ಕೊಂದು ಸೈಟ್ ಮಾಡುವ ಗೋಜಿಲ್ಲ, ಅದನ್ನೇ ಹಿಡಿದು ನಾವು ಹೊರಟಿದ್ದೇವೆ.

ನಮ್ಮ ಕಡೆಯಿಂದ ಆಗುವುದು: ಎಲ್ಲ ಬಟನ್‌ಗಳಿಗೂ ಹೆಸರು ಸಿಗುತ್ತದೆ. ಮೌಸ್ ಮುಟ್ಟದೆ ಕೀಬೋರ್ಡ್‌ನಲ್ಲೇ ಆರ್ಡರ್ ಮುಗಿಸಬಹುದು. ಕ್ಯಾಪ್ಚಾ ಹೋಗುತ್ತದೆ. ಪೇಮೆಂಟ್ ಪುಟ ಸುಮ್ನೆ ಮುಚ್ಚಿಕೊಳ್ಳುವುದಿಲ್ಲ, ಇನ್ನೂ ಸಮಯ ಬೇಕೇ ಎಂದು ಕೇಳುತ್ತದೆ. ತಪ್ಪಾದದ್ದನ್ನು ಬಣ್ಣದ ಜೊತೆ ಮಾತಿನಲ್ಲೂ ಹೇಳುತ್ತದೆ. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಇಷ್ಟಪಟ್ಟವರಿಗೆ ಮಾತ್ರ ಬೇಜಾರಾಗಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು, ಹಾಗಾಗಿ ಆ ಬೂದು ಬಣ್ಣ ಕಡುವಾಗುತ್ತದೆ. ಇದನ್ನು ಹಳೆಯದಕ್ಕೆ ವಾಪಸ್ ಮಾಡಿ ಎಂದು ದಯವಿಟ್ಟು ಕೇಳಬೇಡಿ, ಮಾಡುವುದಿಲ್ಲ.

ನಿಮ್ಮ ಕಡೆಯ ಕೆಲಸ ಮುಖ್ಯವಾಗಿ ಫೋಟೊಗಳದ್ದು. ಇನ್ನು ಮುಂದೆ ಫೋಟೊ ಹಾಕುವಾಗ ವಿವರಣೆ ಬರೆಯದಿದ್ದರೆ ಸೇವ್ ಆಗುವುದಿಲ್ಲ. "ಹೊಸ ಅಂಗಿ" ಎಂದರೆ ಸಾಲದು. "ಕಡು ನೀಲಿ ಹತ್ತಿ ಅಂಗಿ, ಅರ್ಧ ತೋಳು, ಎಡಗಡೆ ಒಂದು ಜೇಬು" ಎಂದು ಬರೆಯಿರಿ. ನೋಡಿದವರು ಕೊಳ್ಳುವ ಮೊದಲು ಏನು ಗಮನಿಸುತ್ತಾರೋ ಅದು ಬಂದರೆ ಸಾಕು, ಕಥೆ ಬೇಡ. ಸುಮ್ನೆ ಅಂದಕ್ಕೆ ಹಾಕಿದ ಚಿತ್ರವಾದರೆ "ಅಲಂಕಾರಕ್ಕೆ ಮಾತ್ರ" ಎಂಬ ಚೌಕಕ್ಕೆ ಟಿಕ್ ಹಾಕಿ, ಸ್ಕ್ರೀನ್ ರೀಡರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ವಿಡಿಯೊ ಇದ್ದರೆ ಅದರ ಮಾತನ್ನು ಅಕ್ಷರದಲ್ಲಿ ತೋರಿಸುವ ಕ್ಯಾಪ್ಷನ್ ಬೇಕು. ಬೆಲೆಪಟ್ಟಿಯನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಹಾಕುವವರು ಜಾಸ್ತಿ ಇದ್ದೀರಿ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡವನ್ನೂ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಅಂಥ ಕಡತಗಳಿದ್ದರೆ ಕಳಿಸಿ, ಯೂನಿಕೋಡ್‌ಗೆ ಬದಲಿಸಿ ಪುಟವಾಗಿ ಹಾಕಿಕೊಡುತ್ತೇವೆ. ಇದಕ್ಕೆ ಬೇರೆ ಶುಲ್ಕವಿಲ್ಲ.

ಈಗಾಗಲೇ ಇರುವ ಫೋಟೊಗಳಿಗೆ ಆರು ತಿಂಗಳ ಸಮಯವಿದೆ. ಯಾವುದಕ್ಕೆ ವಿವರಣೆ ಇಲ್ಲ ಎಂಬ ಪಟ್ಟಿ ನಿಮ್ಮ ಖಾತೆಯಲ್ಲೇ ಕಾಣುತ್ತದೆ. ಹೆಚ್ಚು ಮಾರಾಟವಾಗುವ ವಸ್ತುಗಳಿಂದ ಶುರು ಮಾಡಿ. ಬಟನ್‌ಗೆ ಮುಂಗಡ ಕಟ್ಟಿದ್ದವರ ಉಳಿದ ಹಣವನ್ನು ಮುಂದಿನ ಬಿಲ್‌ನಲ್ಲಿ ಕಳೆಯುತ್ತೇವೆ. ನಗದಾಗಿಯೇ ವಾಪಸ್ ಬೇಕಿದ್ದರೆ ಈ ಪತ್ರಕ್ಕೆ ಉತ್ತರಿಸಿ.

ಇಂತಿ,
ನಿಮ್ಮ ವೆಬ್‌ಸೈಟ್ ತಂಡ